ಆ ಶುಕ್ರವಾರದ ಸಂಜೆ

ಗಾಂಧೀಜಿಯವರ ಜನ್ಮಶತಾಬ್ದಿಯ ಈ ವರ್ಷ, 1969ರಲ್ಲಿ, ಊರೂರುಗಳಲ್ಲಿ ನಡೆಯುತ್ತಿರುವ ಸಭೆಗಳಲ್ಲಿ ಕೆಲವಕ್ಕೆ ಹೋಗಿ ಕುಳಿತು ಬಂದ ಮೇಲೆ, ನನ್ನ ಗಮನಕ್ಕೆ ಬಂದ ಒಂದು ಸಂಗತಿಯನ್ನು ಹೇಳಬೇಕೆನಿಸುತ್ತದೆ. ವೇದಿಕೆಯ ಮೇಲೆ ಭಾಷಣ ಸಾಗಿರುವಷ್ಟು ಹೊತ್ತೂ ಸತ್ಯ, ಅಹಿಂಸೆ, ಅಪರಿಗ್ರಹ, ಗ್ರಾಮಸ್ವರಾಜ್ಯ ಇವುಗಳ ವಿಷಯವಾಗಿ ಗಂಭೀರವಾದ ಪ್ರತಿಪಾದನೆ ಜರುಗುತ್ತದೆ, ಅಧ್ಯಕ್ಷರ ಮಾತು ಮುಗಿದು, ವಂದನಾರ್ಪಣೆಯಾಗಿ, ಜನ ಎದ್ದು ಪಡಸಾಲೆಗೆ ಬಂದು ಕಾಫಿಯ ಲೋಟವನ್ನು ಕೈಗೆ ತೆಗೆದುಕೊಂಡರೋ ಇಲ್ಲವೋ, ನಡುವಯಸ್ಸು ದಾಟಿದವರಲ್ಲಿ ಯಾರಾದರೊಬ್ಬರು, "ಅವತ್ತು ನಾನು ಎಲ್ಲಿದ್ದೆ ಗೊತ್ತೇ?" ಎಂದು ಪ್ರಾರಂಭಿಸುತ್ತಾರೆ. ಅವತ್ತು ಎಂದರೆ ಯಾವತ್ತು ಎಂದು ಯಾರೂ ಕೇಳುವುದಿಲ್ಲ. ಒಬ್ಬರು ಕ್ಷೌರಕ್ಕೆ ಕುಳಿತಿದ್ದರಂತೆ; ಇನ್ನೊಬ್ಬರು ಮಾವನ ಮನೆಯಲ್ಲಿ ಹೊಸ ಅಳಿಯನ ಉಪಚಾರವನ್ನು ಸ್ವೀಕರಿಸುತ್ತಿದ್ದರಂತೆ; ಮತ್ತೊಬ್ಬರು ಅಮಲ್ದಾರರ ಕಛೇರಿಯಲ್ಲಿ ಕೂಡದ ಲೆಕ್ಕವೊಂದನ್ನು ಕೂಡಿಸುವುದಕ್ಕೆ ಹೆಣಗುತ್ತಿದ್ದರಂತೆ.

ಮೊದಮೊದಲು ನನಗೆ ಇದು ರುಚಿಸಲಿಲ್ಲ. ಮಹಾಪುರುಷನೊಬ್ಬನ ಮರಣದ ಕಥನದಲ್ಲಿ ತನ್ನ ಅರ್ಧ ಬೋಳಿಸಿದ ಗಡ್ಡಕ್ಕೂ ಒಂದು ಸ್ಥಾನವಿರಬೇಕೆಂದು ಅಪೇಕ್ಷಿಸುವುದು ಅಹಂಕಾರದ ಒಂದು ವಿಚಿತ್ರ ಪ್ರಕಾರವೆಂದೇ ತೋರಿತು. ಕೇಳುತ್ತ ಕೇಳುತ್ತ ಆ ಅಸಹನೆ ತಗ್ಗಿತು. 1947ರ ಆಗಸ್ಟ್ 15ರಂದು ತಾವೆಲ್ಲಿದ್ದಿರಿ ಎಂದು ಇದೇ ಮಹನೀಯರನ್ನು ಕೇಳಿ ನೋಡಿದ್ದೇನೆ. ಉತ್ತರಗಳು ಒಂದರ ನೆರಳು ಇನ್ನೊಂದು: ಬಾವುಟ, ಮೆರವಣಿಗೆ, ಮಕ್ಕಳಿಗೆ ಹಂಚಿದ ಸಿಹಿ. ಅದೂ ಮೈಸೂರು ಸಂಸ್ಥಾನದವರಾದ ನಮಗೆ ಆ ದಿನ ಪೂರ್ಣವಾದ ಹಬ್ಬವಾಗಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದು, ಜನ ಸೆರೆಮನೆಗಳನ್ನು ತುಂಬಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅಕ್ಟೋಬರಿನಲ್ಲಿ. ಅದೇನೇ ಇರಲಿ, ಸಂತೋಷಕ್ಕೆ ನಾವು ಮುಂಚಿತವಾಗಿ ಸಿದ್ಧರಾಗಿ, ಒಗೆದ ಬಟ್ಟೆಯುಟ್ಟು, ಗೊತ್ತಾದ ಸ್ಥಳಕ್ಕೆ ಹೋಗಿ ಗುಂಪಿನಲ್ಲಿ ನಿಲ್ಲುತ್ತೇವೆ. ದುಃಖವೋ, ನಾವು ಇದ್ದ ಕಡೆಗೆ, ಇದ್ದ ಸ್ಥಿತಿಯಲ್ಲಿ ಬಂದು ಹಿಡಿಯುತ್ತದೆ. ಕ್ಷೌರಕ್ಕೆ ಕುಳಿತವನು ಕ್ಷೌರದ ನಡುವೆ ಸಿಕ್ಕಿಬಿದ್ದರೆ ಅದು ಅವನ ಅಪರಾಧವೇ?

ನಾನು ಆಗ ಮದ್ದೂರಿನಲ್ಲಿ ತಾತನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗ. ಬೆಂಗಳೂರು-ಮೈಸೂರು ರೈಲುದಾರಿಯಲ್ಲಿ ಶಿಂಷಾ ನದಿಯ ದಡದಲ್ಲಿರುವ ಈ ಊರು ಹೊರಗಿನವರಿಗೆ ಸ್ಟೇಷನ್ನಿನ ವಡೆಯ ಮೂಲಕ ಪರಿಚಿತ. ಊರಿನವರು ಮಾತ್ರ ತಮ್ಮ ಪ್ರತಿಷ್ಠೆಯನ್ನು ಶಿವಪುರದ ಆಧಾರದ ಮೇಲೆ ನಿಲ್ಲಿಸಿಕೊಂಡಿದ್ದರು. 1938ರ ಏಪ್ರಿಲಿನಲ್ಲಿ, ಸಂಸ್ಥಾನದ ಸರ್ಕಾರ ಹೊರಡಿಸಿದ್ದ ನಿಷೇಧವನ್ನು ಲೆಕ್ಕಿಸದೆ, ಮೈಸೂರು ಕಾಂಗ್ರೆಸ್ಸಿನವರು ತ್ರಿವರ್ಣಧ್ವಜವನ್ನೇರಿಸಿದುದು ಊರಿಗೆ ಹತ್ತಿಕೊಂಡಿರುವ ಆ ಶಿವಪುರದ ಬಯಲಿನಲ್ಲಿ. ಬಾವುಟ ಏರಿದ್ದನ್ನು ಕಣ್ಣಾರೆ ಕಂಡವರು ಎಂಬ ಒಂದು ವರ್ಗವೇ ನಮ್ಮಲ್ಲಿತ್ತು. ವರ್ಷಗಳು ಕಳೆದಂತೆ ಆ ವರ್ಗದ ಸಂಖ್ಯೆ ವೃದ್ಧಿಸುತ್ತಿತ್ತೇ ಹೊರತು ಕ್ಷಯಿಸುತ್ತಿರಲಿಲ್ಲ.

1948ರ ಆ ಜನವರಿಯಲ್ಲಿ ಊರಿನ ಮನಸ್ಸು ನೆಮ್ಮದಿಯಾಗಿರಲಿಲ್ಲ. ಪಂಜಾಬಿನ ಕೊಲೆಸುಲಿಗೆಗಳ ವಾರ್ತೆಗಳನ್ನು ಓದಿ ಓದಿ ಜನ ಕಹಿಯಾಗಿದ್ದರು. 13ನೆಯ ತಾರೀಖು ಗಾಂಧೀಜಿ ದೆಹಲಿಯಲ್ಲಿ ಉಪವಾಸ ಪ್ರಾರಂಭಿಸಿದರು, 18ರಂದು ಮುಗಿಸಿದರು, ನಡುವೆ, ಪಾಕಿಸ್ತಾನಕ್ಕೆ ಸಲ್ಲಬೇಕಾಗಿದ್ದ 55 ಕೋಟಿ ರೂಪಾಯಿಗಳನ್ನು ಸಲ್ಲಿಸಿಬಿಡುವುದೆಂದು ಸರ್ಕಾರ ತೀರ್ಮಾನಿಸಿತು. 55 ಕೋಟಿಗೆ ಎಷ್ಟು ಸೊನ್ನೆಗಳೆಂದು ತಪ್ಪಿಲ್ಲದೆ ಬರೆದು ತೋರಿಸಲಾರದವರು ಕೂಡ ಪೇಟೆಬೀದಿಯ ಕಾಫಿ ಕ್ಲಬ್ಬಿನ ಬೆಂಚಿನ ಮೇಲೆ ಕುಳಿತು, ಮುದುಕನಿಗೆ ಅರಳುಮರಳು ಹಿಡಿಯಿತೆಂದೂ, ಕಾಶೀವಾಸಕ್ಕೆ ಹೋಗುವುದು ಒಳ್ಳೆಯದೆಂದೂ ನಿರ್ಣಯ ಕೊಡುತ್ತಿದ್ದರು. 20ರಂದು ಬಿರ್ಲಾ ಭವನದಲ್ಲಿ, ಪ್ರಾರ್ಥನಾಸಭೆಯ ಸಮೀಪದಲ್ಲಿ, ಬಾಂಬು ಸಿಡಿದ ವಾರ್ತೆ ಬಂದಿತು. 'ತಾಯಿನಾಡು' ಪತ್ರಿಕೆಯಲ್ಲಿ ಅದನ್ನು ನಾನೇ ತಾತನಿಗೆ ಓದಿ ಹೇಳಿದೆ. ('ಪ್ರಜಾವಾಣಿ' ಆಗಿನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.) ತಾತ "ಹೂಂ" ಎಂದು ಮುಂದಿನ ಸುದ್ದಿಯನ್ನು ಓದು ಎಂದರು. ಬಾಂಬು ಯಾರಿಗೂ ತಾಗಲಿಲ್ಲವೆಂದಮೇಲೆ ಅದರ ಕಥೆ ಮುಗಿಯಿತೆಂದು ನಾವು ತಿಳಿದಂತೆ ದೇಶವೂ ತಿಳಿದಿತ್ತೆಂದು ತೋರುತ್ತದೆ.

30ನೆಯ ತಾರೀಖು ಶುಕ್ರವಾರ. ಸಾಯಂಕಾಲದ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ನಿಲ್ಲುವುದು ನಮ್ಮ ವಯಸ್ಸಿನ ಹುಡುಗರಿಗೆಲ್ಲ ವಾಡಿಕೆಯಾಗಿತ್ತು. ಇಳಿಯುವವರು ಯಾರೆಂದು ನೋಡುವುದು, ಯಾರಾದರೂ ಬಿಸಾಡಿಹೋದ ಇಂಗ್ಲಿಷ್ ಪತ್ರಿಕೆ ಸಿಕ್ಕರೆ ಎತ್ತಿಕೊಳ್ಳುವುದು, ವಡೆಯ ವಾಸನೆಯನ್ನು ಖರ್ಚಿಲ್ಲದೆ ಸೇವಿಸುವುದು, ಇವು ಅಲ್ಲಿ ನಮಗಿದ್ದ ಕೆಲಸಗಳು. ದೀಪ ಹಚ್ಚುವ ಹೊತ್ತು. ಒಳಗಡೆ ತಂತಿಯ ಯಂತ್ರ ಟಕಟಕ ಎನ್ನುತ್ತಿತ್ತು. ಅದು ಸದಾ ಎನ್ನುತ್ತಿದ್ದುದರಿಂದ ಯಾರೂ ಕಿವಿಗೊಡಲಿಲ್ಲ. ಸ್ಟೇಷನ್ ಮಾಸ್ತರರು ಹೊರಗೆ ಬಂದರು. ಟೋಪಿ ತಲೆಯ ಮೇಲಿರಲಿಲ್ಲ. ನಮ್ಮ ಕಡೆ ನೋಡಿದರು. ಹುಡುಗರನ್ನು ಗದರಿಸಿ ಅಟ್ಟುವುದು ಅವರ ನಿತ್ಯವಿಧಿಯಾಗಿದ್ದುದರಿಂದ ನಾವು ಓಡುವುದಕ್ಕೆ ಸಿದ್ಧರಾದೆವು. ಅವರು, ದೊಡ್ಡವರೊಡನೆ ಮಾತನಾಡುವ ಧ್ವನಿಯಲ್ಲಿ, "ಗಾಂಧಿಯವರು ಹೋಗಿಬಿಟ್ಟರಪ್ಪಾ. ಪ್ರಾರ್ಥನೆಗೆ ಹೋಗುವಾಗ ಗುಂಡು ಹೊಡೆದರಂತೆ," ಎಂದರು. ಅಷ್ಟು ಹೇಳಿ, ಸಿಗ್ನಲ್ ಇಳಿಸಬೇಕಾಗಿದ್ದುದು ನೆನಪಾಗಿ, ಒಳಗೆ ಹೋದರು.

ಸುದ್ದಿಯನ್ನು ರೈಲು ಊರಿಗೆ ತರುವುದು ರೂಢಿ. ಅಂದು ಊರೇ ರೈಲಿಗೆ ಸುದ್ದಿ ಕೊಟ್ಟಿತು. ಬೆಂಗಳೂರಿನಿಂದ ಮಧ್ಯಾಹ್ನದ ಇಳಿಹೊತ್ತಿನಲ್ಲಿ ಹೊರಟಿದ್ದ ಆ ಗಾಡಿಯೊಳಗಿನ ನೂರಾರು ಜನಕ್ಕೆ ಏನೂ ತಿಳಿದಿರಲಿಲ್ಲ. ಎಂದಿನಂತೆ ಕಿಟಕಿಗಳಿಂದ ಕೈಗಳು ಹೊರಬಂದು ವಡೆಯವರನ್ನು ಕರೆದವು. ಮಾರುವವರು ತಟ್ಟೆಗಳನ್ನು ಹೊತ್ತು ಪ್ಲಾಟ್‌ಫಾರಮ್ಮಿನ ಮೇಲೆ ಸುಮ್ಮನೆ ನಿಂತಿದ್ದರು. ಎಂಜಿನ್ನಿನ ಕಡೆಯ ಮೊದಲನೆಯ ಡಬ್ಬಿಯಲ್ಲಿ ಒಬ್ಬನಿಗೆ ಯಾರೋ ಹೇಳಿದರು. ಅಲ್ಲಿಂದ ಮಾತು ಹಿಂದಿನ ಡಬ್ಬಿಗೆ, ಅದರ ಹಿಂದಿನದಕ್ಕೆ ಸಾಗುತ್ತ ಹೋದುದನ್ನು ನಾನು ಕಣ್ಣಿಂದ ನೋಡಿದೆನೆಂದೇ ಹೇಳಬೇಕು: ಎಲ್ಲಿಯವರೆಗೆ ಅದು ತಲುಪಿತ್ತೋ ಅಲ್ಲಿಯವರೆಗೆ ಗಾಡಿ ನಿಶ್ಶಬ್ದ, ಆಚೆಗೆ ಎಂದಿನ ಗದ್ದಲ, ಕೊನೆಯ ಡಬ್ಬಿಯಲ್ಲಿ ಒಂದು ಮದುವೆಯ ದಿಬ್ಬಣದವರು ಹಾಡುತ್ತಿದ್ದರು, ಅದೂ ನಿಂತಿತು. ಗಾರ್ಡು ಹಸಿರು ದೀಪ ತೋರಿಸಿದ. ಗಾಡಿ ಮಂಡ್ಯದ ಕಡೆಗೆ ಹೊರಟುಹೋಯಿತು, ಅಲ್ಲಿಯವರಿಗೆ ಹೇಳುವುದಕ್ಕೆ.

ಸ್ಟೇಷನ್ನಿನ ಹೊರಗೆ ಜಟಕಾಗಳು ನಿಲ್ಲುತ್ತಿದ್ದವು. ಅವುಗಳಲ್ಲಿ ನಮ್ಮ ಬೀದಿಯ ತುದಿಯಲ್ಲಿ ವಾಸವಾಗಿದ್ದ ಒಬ್ಬ ಸಾಹೇಬರ ಗಾಡಿಯೂ ಇತ್ತು. ತಾತ ಎಲ್ಲಿಗೆ ಹೋಗುವುದಾದರೂ ಆ ಗಾಡಿಯಲ್ಲೇ ಹೋಗುತ್ತಿದ್ದರು. ನಾನು ಹೊರಕ್ಕೆ ಬಂದಾಗ ಅವರಿಗೆ ವಿಷಯ ತಿಳಿದುಹೋಗಿತ್ತು. ಬಳಿಗೆ ಬಂದು, ತಗ್ಗಿದ ಸ್ವರದಲ್ಲಿ, "ಹೊಡೆದವನು ಯಾರಂತೆ, ಸ್ವಾಮಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಾಸ್ತರರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನ ಮನಸ್ಸಿಗೆ ಬಂದೇ ಇರಲಿಲ್ಲ. ಅವರಿಗೆ ಅದರ ಹೊರತು ಬೇರೆ ಪ್ರಶ್ನೆಯೇ ಇರಲಿಲ್ಲ. ಜಟಕಾದವರಲ್ಲಿ ಇಬ್ಬರು ಮೂವರು ಬಾಡಿಗೆಗೂ ಕಾಯದೆ ಗಾಡಿ ಹೊಡೆದುಕೊಂಡು ಮನೆ ಸೇರಿದರು. ಇವರು ನಿಂತೇ ಇದ್ದರು.

ಹೊಡೆದವನು ಯಾರೆಂದು ತಿಳಿಯದೆ ಕಳೆದ ಆ ಅರ್ಧ ಗಂಟೆಯ ವಿಷಯವನ್ನು ನಾನು ಮುಂದೆ ಪುಸ್ತಕಗಳಲ್ಲಿ ಓದಿ ತಿಳಿದುಕೊಂಡಿದ್ದೇನೆ. ದೆಹಲಿಯಲ್ಲಿ ಅದೇ ಪ್ರಶ್ನೆ ಅದೇ ಹೊತ್ತಿನಲ್ಲಿ ಎಲ್ಲರ ತುಟಿಯ ಮೇಲಿತ್ತು. ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ಬಿರ್ಲಾ ಭವನಕ್ಕೆ ಬಂದಿಳಿದಾಗ, ಗುಂಪಿನಲ್ಲಿ ಒಬ್ಬನು, ಕೊಂದವನು ಮುಸಲ್ಮಾನನೆಂದು ಕೂಗಿದನೆಂದೂ, ಅವರು ತಮಗೇ ಇನ್ನೂ ಖಚಿತವಾಗಿ ತಿಳಿಯದಿದ್ದರೂ ಕ್ಷಣಮಾತ್ರವೂ ತಡೆಯದೆ, ಅವನು ಹಿಂದೂ ಎಂದು ಗದರಿಸಿದರೆಂದೂ ಅವರ ಜೊತೆಯಲ್ಲಿದ್ದವರು ಬರೆದಿಟ್ಟಿದ್ದಾರೆ. ರೇಡಿಯೋದವರು ಕೂಡ ಕೊಲೆಗಾರ ಹಿಂದೂ ಎಂಬುದನ್ನು ಬಿಡದೆ ಸೇರಿಸಿ ಹೇಳಿದರು. ಆ ಒಂದು ಮಾತು ಎಷ್ಟು ಊರುಗಳಲ್ಲಿ ಎಷ್ಟು ಮನೆಗಳನ್ನು ಉಳಿಸಿತೋ ಲೆಕ್ಕವಿಟ್ಟವರಿಲ್ಲ. ನಮ್ಮೂರಿಗೆ ಆ ಮಾತನ್ನು ತಂದವನು ಬೆಲ್ಲದ ಮಂಡಿಯ ಸಾಹುಕಾರರ ಆಳು. ರೇಡಿಯೋ ಕೇಳಿದ ಸಾಹುಕಾರರು ಅವನನ್ನು ಸ್ಟೇಷನ್ನಿಗೆ ಅಟ್ಟಿದ್ದರು. ಸಾಹೇಬರು ಅದನ್ನು ಕೇಳಿ, ಗಾಡಿಯ ಮೆಟ್ಟಿಲ ಮೇಲೆ ಕುಳಿತು, ಟವೆಲಿನಿಂದ ಮುಖ ಮುಚ್ಚಿಕೊಂಡರು. ಎಷ್ಟೋ ಕಾಲದ ಮೇಲೆ, ನಾನು ಕಾಲೇಜು ಮುಗಿಸಿ ಊರಿಗೆ ಬಂದಿದ್ದಾಗ, ಅದೇ ಜಟಕಾದಲ್ಲಿ ಕುಳಿತು ಆ ಸಂಜೆಯ ಮಾತೆತ್ತಿದೆ. "ಅಲ್ಲಿಯ ತನಕ ಅಳೋದಕ್ಕೂ ಹೆದರಿಕೆ, ಸ್ವಾಮಿ. ಅವನು ಬಂದು ಹೇಳಿದ ಮೇಲೆ ಅಳೋದಕ್ಕೆ ನಮಗೂ ಅಪ್ಪಣೆ ಸಿಕ್ಕಿತು," ಎಂದರು. ಶತಾಬ್ದಿಯ ಸಭೆಗಳ ಪಡಸಾಲೆಯಲ್ಲಿ ನಾನು ಕೇಳಿರುವ ಕಥೆಗಳಲ್ಲಿ ಯಾವುದೂ ಇದರ ಹತ್ತಿರಕ್ಕೆ ಬಾರದು.

ಮನೆಯ ವಿಷಯ. ನನ್ನ ತಾತ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ವೈದಿಕನಿಷ್ಠೆಯಲ್ಲಿ ಕಟ್ಟುನಿಟ್ಟು, ಮಹಾರಾಜರಲ್ಲಿ ಭಕ್ತಿ, ಕಾಂಗ್ರೆಸ್ಸೆಂದರೆ ಅಷ್ಟಕ್ಕಷ್ಟೆ. ಗಾಂಧೀಜಿಯವರ ವಿಷಯದಲ್ಲಿ ಅವರಿಗೆ ಹಳೆಯದೊಂದು ವ್ಯಾಜ್ಯವೇ ಇತ್ತು. 1934ರಲ್ಲಿ ಗಾಂಧೀಜಿ ಹರಿಜನೋದ್ಧಾರದ ಪ್ರವಾಸದಲ್ಲಿ ಮೈಸೂರು ಸೀಮೆಗೆ ಬಂದಿದ್ದಾಗ, ಅಜ್ಜಿ ತವರಿನವರ ಜೊತೆಯಲ್ಲಿ ದರ್ಶನಕ್ಕೆ ಹೋದವರು, ಅವರು ಸ್ತ್ರೀಯರ ಮುಂದೆ ಕೈಯೊಡ್ಡಿದಾಗ, ತಮ್ಮ ಒಂದು ಬೆಳ್ಳಿಯ ಕಡಗವನ್ನು ಕಳಚಿ ಕೊಟ್ಟುಬಂದಿದ್ದರು. ಜೊತೆಯ ಇನ್ನೊಂದು ಕಡಗವನ್ನು ಒಂಟಿಯಾಗಿ ತೊಡುವುದಕ್ಕಾಗದೆ ಪೆಟ್ಟಿಗೆಯಲ್ಲಿಟ್ಟಿದ್ದರು. ಮನೆಯ ಯಜಮಾನನ ಅಪ್ಪಣೆಯಿಲ್ಲದೆ ಕೊಟ್ಟದ್ದು ಒಂದು, ಅದೂ ದೇವಸ್ಥಾನಗಳಿಗೆ ಸಲ್ಲದವರನ್ನು ನುಗ್ಗಿಸುವ ಕಾರ್ಯಕ್ಕೆ ಕೊಟ್ಟದ್ದು ಇನ್ನೊಂದು, ಹೀಗೆ ಎರಡು ಆರೋಪಗಳನ್ನು ಹೊರಿಸಿ ತಾತ ಆ ಕಡಗದ ಮಾತನ್ನು ವರ್ಷಕ್ಕೆ ಒಂದೆರಡು ಬಾರಿಯಾದರೂ ಎತ್ತದೆ ಬಿಡುತ್ತಿರಲಿಲ್ಲ. ಅಜ್ಜಿ, "ಒಂದು ಉಳಿದಿದೆಯಲ್ಲ, ಅದನ್ನು ನೀವೇ ತೊಟ್ಟುಕೊಳ್ಳಿ," ಎನ್ನುತ್ತಿದ್ದರು.

ನಾನು ಓಡಿಬಂದು ಹೇಳಿದಾಗ ತಾತ ಸಂಧ್ಯಾವಂದನೆ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದರು. ಕೇಳಿದರು, ಮತ್ತೊಮ್ಮೆ ಹೇಳಿಸಿದರು, ಏನೂ ಮಾತನಾಡಲಿಲ್ಲ. ಅಜ್ಜಿ ಒಳಗಿನಿಂದ ಬಂದು ಕಂಬವನ್ನು ಹಿಡಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ತಾತ ಎದ್ದು ಹಿತ್ತಿಲಿಗೆ ಹೋದರು. ಬಾವಿಯ ರಾಟೆಯ ಸದ್ದು ಕೇಳಿಸಿತು. ಪುಷ್ಯಮಾಸದ ಕೊರೆಯುವ ಚಳಿ. ಬಹುಳ ಪಕ್ಷವಾದುದರಿಂದ ಚಂದ್ರೋದಯಕ್ಕೆ ಇನ್ನೂ ಬಹಳ ಹೊತ್ತಿತ್ತು. ಲಾಟೀನು ಹಿಡಿದು ನಾನು ಹಿಂದೆ ಹೋದೆ. ಆ ಮುದುಕರು ಉಟ್ಟ ಪಂಚೆಯಲ್ಲಿಯೇ, ಹೊದ್ದ ಶಲ್ಯದಲ್ಲಿಯೇ, ಕೊಡದ ಮೇಲೆ ಕೊಡ ತಣ್ಣೀರನ್ನು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಜ್ಞಾತಿಗಳ ಮರಣವಾರ್ತೆ ಕಿವಿಗೆ ಬಿದ್ದೊಡನೆ ಮಾಡಬೇಕಾದ ಸಚೇಲ ಸ್ನಾನ ಅದು. ಮನೆಯಲ್ಲಿ ಅಂಥ ವಾರ್ತೆಗಳು ಬಂದಾಗ ಅವರು ಹಾಗೆ ಮಾಡಿದುದನ್ನು ನಾನು ನೋಡಿದ್ದೆ. ಗೋತ್ರವಿಲ್ಲದ, ಸೂತ್ರವಿಲ್ಲದ, ಗುಜರಾತಿನ ಬನಿಯಾ ಒಬ್ಬರಿಗಾಗಿ ಅದನ್ನು ಮಾಡಬೇಕೆಂದು ಯಾವ ಧರ್ಮಶಾಸ್ತ್ರದಲ್ಲಿ ಅವರು ಓದಿದ್ದರೋ ನಾನು ಕೇಳಲಿಲ್ಲ. ಅವರಾಗಿ ಎಂದೂ ಹೇಳಲಿಲ್ಲ. ಅಜ್ಜಿ ಒಣಗಿದ ಪಂಚೆಯನ್ನು ತಂದು ಕೈಗೆ ಕೊಟ್ಟರು. ಅಂದು ಒಲೆ ಹೊತ್ತಿಸಲಿಲ್ಲ. ಮಕ್ಕಳಿಗೆ ಹಾಲು, ಅವಲಕ್ಕಿ. ಕಡಗದ ವಿಚಾರ ಆ ಮನೆಯಲ್ಲಿ ಅಂದಿಗೆ ಮುಕ್ತಾಯವಾಯಿತು.

ರಾತ್ರಿ ಬೆಲ್ಲದ ಮಂಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಮೈಸೂರಿನಲ್ಲಿ ಆಕಾಶವಾಣಿಯೇನೋ ಇತ್ತು. ಮನಶ್ಶಾಸ್ತ್ರದ ಅಧ್ಯಾಪಕರಾದ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಾರಂಭಿಸಿ, 'ಆಕಾಶವಾಣಿ' ಎಂಬ ಹೆಸರನ್ನು ದೇಶಕ್ಕೆಲ್ಲ ಮುಂಚೆ ಬಳಕೆಗೆ ತಂದ ನಿಲಯ ಅದು. ಆ ರಾತ್ರಿ ಮಾತ್ರ ಎಲ್ಲರಿಗೂ ದೆಹಲಿಯ ಧ್ವನಿಯೇ ಬೇಕಾಗಿತ್ತು. ಸಾಹುಕಾರರು ರೇಡಿಯೋವನ್ನು ಕಿಟಕಿಯ ಮೇಲಿರಿಸಿದ್ದರು. ನೆಹರೂ ಮಾತನಾಡಿದರು, ಇಂಗ್ಲಿಷಿನಲ್ಲಿ, ಬರೆದುಕೊಂಡದ್ದನ್ನು ಓದದೆ. ಕೊರಕೊರ ಶಬ್ದದ ನಡುವೆ ನಮಗೆ ಕೇಳಿಸಿದ್ದು ಬೆಳಕು ಆರಿತೆಂಬ ಒಂದು ಅಭಿಪ್ರಾಯ, ಮತ್ತು ನಡುಗುತ್ತಿದ್ದ ಒಂದು ಕಂಠ. ಇಂಗ್ಲಿಷ್ ತಿಳಿದವರು ಆ ಗುಂಪಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಈಗ ಊರಿಗೆ ಹೋಗಿ ಕೇಳಿದರೆ, ಆ ಭಾಷಣದ ಪ್ರತಿವಾಕ್ಯವನ್ನೂ ಮಂಡಿಯ ಮುಂದೆ ನಿಂತು ಕೇಳಿ ಕಣ್ಣೀರು ಸುರಿಸಿದೆವೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಅಂದು ಊರಿನಲ್ಲೇ ಇರಲಿಲ್ಲ. ಇವರನ್ನು ಸುಳ್ಳುಗಾರರೆನ್ನಲು ನನಗೆ ಮನಸ್ಸು ಬಾರದು. ಕಂಠವನ್ನು ಕೇಳಿದ್ದು ಆ ರಾತ್ರಿ, ಅರ್ಥವನ್ನು ಓದಿದ್ದು ಮರುದಿನದ ಪತ್ರಿಕೆಯಲ್ಲಿ, ಅತ್ತದ್ದು ಯಾವಾಗಲೋ. ಇಪ್ಪತ್ತು ವರ್ಷಗಳಲ್ಲಿ ಮೂರೂ ಒಂದೇ ಸ್ಥಳಕ್ಕೆ ಬಂದು ನಿಂತಿವೆ. ದೇಶದ ದೊಡ್ಡ ದುಃಖವೊಂದಕ್ಕೆ ತಾನು ದೂರದಲ್ಲಿದ್ದೆ ಎಂಬುದನ್ನು ಮನುಷ್ಯ ಸಹಿಸಲಾರ. ಒಂದೊಂದು ಸಲ ಹೇಳುವಾಗಲೂ ಒಂದೊಂದು ಹೆಜ್ಜೆ ಹತ್ತಿರಕ್ಕೆ ಸರಿಯುತ್ತಾನೆ.

ಇನ್ನೊಂದು ನೆನಪನ್ನು ಮಾತ್ರ ಊರು ಪೂರ್ತಿಯಾಗಿ ಅಳಿಸಿಕೊಂಡಿದೆ, ಅದನ್ನು ನಾನು ಕ್ಷಮಿಸಲಾರೆ. ಎಲ್ಲರೂ ಅತ್ತರು ಎಂಬುದು ಈಗಿನ ಕಥೆ. ಎಲ್ಲರೂ ಅಳಲಿಲ್ಲ. ಕಾಫಿ ಕ್ಲಬ್ಬಿನ ಬೆಂಚಿನ ಮೇಲೆ ಬೆಳಗ್ಗೆ ಕುಳಿತಿದ್ದವರಲ್ಲಿ ಹೆಚ್ಚಿನವರು ರಾತ್ರಿ ಮಂಡಿಯ ಮುಂದೆ ತಲೆತಗ್ಗಿಸಿ ನಿಂತಿದ್ದುದು ನಿಜ. ಅವರ ಪಶ್ಚಾತ್ತಾಪವನ್ನು ನಾನು ಸಂದೇಹಿಸುವುದಿಲ್ಲ. ಆದರೆ ಮರುದಿನದ ಹರತಾಳದಲ್ಲಿ ಅಂಗಡಿಯ ಒಂದು ಹಲಗೆಯನ್ನು ಮಾತ್ರ ತೆಗೆದಿಟ್ಟುಕೊಂಡು ಒಳಗಿನಿಂದ ವ್ಯಾಪಾರ ನಡೆಸಿದವರೊಬ್ಬರಿದ್ದರು. "ಹುಲಿಗೆ ಹಾಲೆರೆದವನನ್ನು ಹುಲಿ ತಿನ್ನದಿದ್ದರೆ ಇನ್ನಾರೋ ತಿಂದರು," ಎಂದು ಮೆಲ್ಲಗೆ ನಕ್ಕವರೊಬ್ಬರಿದ್ದರು. ಓದಿದವರು, ಊರಿಗೆ ಬೇಕಾದವರು. ದೇಶದ ಬೇರೆ ಕೆಲವೆಡೆ ಸಿಹಿ ಹಂಚಿದರೆಂದು ಸರ್ದಾರ್ ಪಟೇಲರೇ ಅದೇ ವರ್ಷ ಪತ್ರವೊಂದರಲ್ಲಿ ದಾಖಲಿಸಿದ್ದಾರೆ. ಮತ್ತೊಂದು ಕಡೆ, ಕೊಂದವನು ಮಹಾರಾಷ್ಟ್ರದ ಬ್ರಾಹ್ಮಣನೆಂದು ತಿಳಿದದ್ದೇ ತಡ, ಕೊಲ್ಲಾಪುರ, ಸಾಂಗಲಿ, ಸಾತಾರಾ ಪ್ರದೇಶಗಳಲ್ಲಿ ಏನೂ ಅರಿಯದ ಬ್ರಾಹ್ಮಣರ ಮನೆಗಳು ಉರಿದವು. ಅಹಿಂಸೆಯನ್ನು ಬೋಧಿಸಿದವನ ಹೆಸರಿನಲ್ಲಿ ಕೊಳ್ಳಿ ಹಿಡಿದವರು, ಬಾಗಿಲು ಹಾಕಿಕೊಂಡು ಪೇಡೆ ತಿಂದವರು, ಇವರೆಲ್ಲರೂ ಆ ಹೊತ್ತಿನಲ್ಲಿ ಎಲ್ಲಿಯೋ ಇದ್ದವರೇ. ಪಡಸಾಲೆಯ ಸರದಿಯಲ್ಲಿ ಇವರಾರೂ ಎದ್ದುನಿಂತು "ಅವತ್ತು ನಾನು" ಎಂದದ್ದನ್ನು ನಾನು ಕೇಳಿಲ್ಲ.

ಹೇಳಿಕೊಳ್ಳುವ ಹಕ್ಕು ನಿಜವಾಗಿಯೂ ಇದ್ದು ಹೇಳದವರೊಬ್ಬರನ್ನು ಬಲ್ಲೆ. ನಮಗೆ ದೂರದ ಸಂಬಂಧಿ. ಯುದ್ಧಕಾಲದಲ್ಲಿ ದೆಹಲಿಗೆ ಹೋಗಿ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತೆಯ ಕೆಲಸ ಹಿಡಿದವರು. ಕಛೇರಿ ಬಿಟ್ಟೊಡನೆ ಸೈಕಲ್ ಏರಿ ಬಿರ್ಲಾ ಭವನಕ್ಕೆ ಹೋಗಿ, ಹಿಂಬದಿಯ ಹುಲ್ಲುಹಾಸಿನ ಮೇಲೆ ಕುಳಿತು, ಪ್ರಾರ್ಥನೆ ಕೇಳಿ ಬರುವುದು ಅವರ ಅಭ್ಯಾಸವಾಗಿತ್ತು. ಗಾಂಧೀಜಿ ಐದು ಗಂಟೆಗೆ ಸರಿಯಾಗಿ ಬರುವವರು. ಹೊತ್ತು ಮೀರುವುದೆಂದರೆ ಅವರಿಗಾಗದು. ಆ ಶುಕ್ರವಾರ ಪಟೇಲರೊಡನೆ ಮಾತು ಬೆಳೆದು ಹತ್ತು ನಿಮಿಷ ತಡವಾಯಿತು. ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಬೇಗಬೇಗ ಹೆಜ್ಜೆ ಹಾಕುತ್ತ ಬಂದರು. 5 ಗಂಟೆ 17 ನಿಮಿಷಕ್ಕೆ ಗುಂಡು ಮೂರು ಬಾರಿ ಹಾರಿತು. ನಮ್ಮವರ ಸೈಕಲ್ಲಿನ ಚಕ್ರದಿಂದ ಆ ದಿನ ಗಾಳಿ ಹೋಗಿತ್ತು. ದಾರಿಯಲ್ಲಿ ಪಂಕ್ಚರ್ ಹಾಕಿಸಿಕೊಳ್ಳುತ್ತ ನಿಂತಿದ್ದಾಗ, ಕಾರುಗಳು ಒಂದರ ಹಿಂದೊಂದು ಅತಿವೇಗವಾಗಿ ಹೋದುವಂತೆ. ಮರುದಿನ ಶವಯಾತ್ರೆ ಬಿರ್ಲಾ ಭವನದಿಂದ ರಾಜಘಾಟಿಗೆ ಸಾಗಿದಾಗ, ಇಲ್ಲಿ ನಾವು ಮೆಲ್ವಿಲ್ ಡಿಮೆಲ್ಲೊ ಅವರ ವೀಕ್ಷಕ ವಿವರಣೆಯನ್ನು ಗಂಟೆಗಟ್ಟಲೆ ಕೇಳುತ್ತಿದ್ದೆವು. ಅಲ್ಲಿ ಅವರು ಲಕ್ಷಾಂತರ ಜನರ ನಡುವೆ ಸಿಕ್ಕಿಕೊಂಡು, ಏನನ್ನೂ ಕಾಣದೆ, ಧೂಳನ್ನಷ್ಟೇ ಕಂಡು ಮರಳಿದರು. ಊರಿಗೆ ಬಂದಾಗ ಜನ ಮುತ್ತಿಕೊಂಡು ಕೇಳಿದರೆ, "ಸೈಕಲ್ಲಿನ ಗಾಳಿ ಹೋಗಿತ್ತು," ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರಿಗೆ ನಿರಾಸೆ. ಇಷ್ಟು ಹತ್ತಿರದಲ್ಲಿದ್ದವನು ಇಷ್ಟು ಕಡಿಮೆ ಹೇಳಬಹುದೇ ಎಂದು ಆಕ್ಷೇಪ. ಅವರ ಸ್ಥಾನದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಇಷ್ಟರಲ್ಲಿ ಪಂಕ್ಚರ್ ಹುಲ್ಲುಹಾಸಿನವರೆಗೂ ಉರುಳಿಕೊಂಡು ಹೋಗಿರುತ್ತಿತ್ತು.

1964ರ ಮೇ 27ರಂದು ನೆಹರೂ ತೀರಿಕೊಂಡಾಗ ಎಲ್ಲರ ಮನೆಯಲ್ಲಿಯೂ ರೇಡಿಯೋ, ಹಲವರ ಕಂಕುಳಲ್ಲಿ ಟ್ರಾನ್ಸಿಸ್ಟರ್. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸುದ್ದಿ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಒಂದೇ ಕ್ಷಣದಲ್ಲಿ, ಒಂದೇ ಧ್ವನಿಯಲ್ಲಿ ತಲುಪಿತು. ಬೀದಿಗೆ ಬಂದು ನಾವು ಒಬ್ಬರಿಗೊಬ್ಬರು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ದುಃಖವೇನೂ ಕಡಿಮೆಯಾಗಿರಲಿಲ್ಲ, ಆದರೂ ಆ ದಿನದ ನೆನಪಿನಲ್ಲಿ ನನಗೆ ಯಾವ ಮುಖವೂ ಇಲ್ಲ.

ಗಾಂಧೀಜಿಯವರ ಚಿತಾಭಸ್ಮವನ್ನು ದೇಶದ ಎಲ್ಲ ಭಾಗಗಳಿಗೂ ಕಳುಹಿಸಿಕೊಟ್ಟಿದ್ದರು. 1948ರ ಫೆಬ್ರವರಿ 12ರಂದು ಪ್ರಯಾಗದ ತ್ರಿವೇಣಿಯಲ್ಲಿ ವಿಸರ್ಜನೆಯಾದಂತೆ, ನಮ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿಯೂ ಆಯಿತು. ಕಾವೇರಿ ಪಶ್ಚಿಮಾಭಿಮುಖವಾಗಿ ಹರಿಯುವ ಆ ಸ್ಥಳ ಅಸ್ಥಿವಿಸರ್ಜನೆಗೆ ಪ್ರಶಸ್ತವೆಂದು ಹಿಂದಿನಿಂದ ಬಂದ ನಂಬಿಕೆ. ನಮ್ಮ ಕುಟುಂಬದವರ ಅಸ್ಥಿಗಳೂ ಅಲ್ಲಿಯೇ ಹೋಗಿವೆ. ಅಜ್ಜಿ ಹೊರಟೇಬಿಟ್ಟರು. ತಾತ ಬರಲಿಲ್ಲ, ಬೇಡವೆನ್ನಲೂ ಇಲ್ಲ. ರೈಲಿನ ಖರ್ಚಿಗೆ ಹಣವನ್ನು ಮಾತ್ರ ಕೇಳುವ ಮುಂಚೆಯೇ ಎಣಿಸಿ ಕೊಟ್ಟರು. ನಾನು, ಅಜ್ಜಿ, ಅಜ್ಜಿಯನ್ನು ಬಿಟ್ಟಿರದ ನನ್ನ ತಮ್ಮ; ಅವನಿಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಗಾಡಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಒಕ್ಕಲಿಗ ಹೆಣ್ಣುಮಕ್ಕಳು ಬುತ್ತಿಗಂಟು ಕಟ್ಟಿಕೊಂಡು ಬಂದಿದ್ದರು. ಶಾನುಭೋಗರು, ಪಟೇಲರು, ಸ್ಕೂಲು ಮೇಷ್ಟರುಗಳು, ಖಾದಿಯವರು, ಖಾದಿಯನ್ನು ಅಂದೇ ಮೊದಲ ಬಾರಿಗೆ ಧರಿಸಿದವರು, ಎಲ್ಲರೂ ಒಬ್ಬರ ಕಾಲನ್ನು ಒಬ್ಬರು ತುಳಿಯುತ್ತ ನಿಂತಿದ್ದರು. ಹಳ್ಳಿಯ ಒಬ್ಬ ಮುದುಕ, ತನಗೆ ಸುದ್ದಿ ತಿಳಿದದ್ದೇ ಮೂರು ದಿನದ ಮೇಲೆ, ಸಂತೆಗೆ ಬಂದಾಗ, ಎಂದು ಅವಮಾನಪಟ್ಟವನಂತೆ ಹೇಳಿಕೊಂಡ. ಆ ಮೂರು ದಿನ ತಾನು ಎಂದಿನಂತೆ ಉಂಡು, ಉತ್ತು, ಹೆಂಡತಿಯೊಡನೆ ಜಗಳವಾಡಿಕೊಂಡು ಇದ್ದುದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆಯೆಂದ.

ನದಿಯ ದಂಡೆಯಲ್ಲಿ ನಾನು ಕಂಡದ್ದು ಬೆನ್ನುಗಳನ್ನು. ರಾಮಧುನ್ ಕೇಳಿಸುತ್ತಿತ್ತು, ಜಯಕಾರಗಳಾಗುತ್ತಿದ್ದವು, ಕುಂಭ ಬಂತು, ಕುಂಭ ಬಂತು ಎಂದು ಒಮ್ಮೆ ಎಲ್ಲರೂ ಮುಂದಕ್ಕೆ ನೂಕಿದರು, ನಾನು ಹಿಂದಕ್ಕೆ ಬಿದ್ದೆ. ವಿಸರ್ಜನೆಯಾಯಿತೆಂದು ತಿಳಿದದ್ದು ಮುಂದೆ ನಿಂತವರು ಕೈಮುಗಿದುದರಿಂದ. ಆಮೇಲೆ ಜನ ನೀರಿಗಿಳಿದರು. ಅಜ್ಜಿಯೂ ಮಗುವನ್ನು ನನ್ನ ಕೈಗೆ ಕೊಟ್ಟು ಹೋಗಿ ಮುಳುಗಿ ಬಂದರು.

ನನ್ನ ಈ ತಮ್ಮ ಈಗ ಬೆಂಗಳೂರಿನಲ್ಲಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಾಗ, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಪಶ್ಚಿಮವಾಹಿನಿಯ ಆ ದಿನವನ್ನು ವರ್ಣಿಸತೊಡಗಿದ. ತಾಮ್ರದ ಕುಂಭ, ಅದರ ಮೇಲಿನ ಹೂವಿನ ಹಾರ, ಮುಂದೆ ನಡೆದು ಬಂದ ಪಟ್ಟದ ಆನೆ, ಆನೆಯ ಹಣೆಯ ಮೇಲಿನ ಬಣ್ಣ. ನಾನು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ, ಆನೆ ಗೀನೆ ಯಾವುದೂ ಇರಲಿಲ್ಲವೆಂದೂ, ಅವನಿಗೆ ಆಗ ಎರಡು ವರ್ಷ ಕೂಡ ಆಗಿರಲಿಲ್ಲವೆಂದೂ, ಎಲ್ಲಿಯೋ ದಸರಾ ಮೆರವಣಿಗೆಯಲ್ಲಿ ಕಂಡದ್ದನ್ನು ತಂದು ಇಲ್ಲಿ ಕಟ್ಟುತ್ತಿರುವನೆಂದೂ ಹೇಳಿದೆ. ಮಕ್ಕಳು ಅವನ ಮುಖ ನೋಡಿದರು. ಅವನು ಸ್ವಲ್ಪವೂ ವಿಚಲಿತನಾಗಲಿಲ್ಲ.

"ನೀನು ಏನು ನೋಡಿದೆ, ಅದನ್ನು ಹೇಳು ಅಣ್ಣ," ಎಂದ.

"ಜನರ ಬೆನ್ನು," ಎಂದೆ.

"ನಾನು ಅಜ್ಜಿಯ ಹೆಗಲ ಮೇಲೆ ಕೂತಿದ್ದೆ," ಎಂದು ಹೇಳಿ, ಮಕ್ಕಳ ಕಡೆ ತಿರುಗಿ ಆನೆಯನ್ನು ಬಿಟ್ಟ ಸ್ಥಳದಿಂದ ಮುಂದುವರಿಸಿದ.